ನಮ್ಮ ಹೊಲದ ಮಳೆ ಹುಡುಕುತ್ತ ಹಾಲೆಂಡಿಗೆ

ಯಾದಗಿರಿ ಸ್ಟೇಷನ್

ಜನ ಹಾಲೆಂಡಿಗೆ ಹೋಗುವುದು ಹೂವಿನ ತೋಟ ನೋಡಲಿಕ್ಕೆ, ಗಾಳಿಗಿರಣಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕೆ. ನಾನು ಹೋದದ್ದು ನಮ್ಮ ಹೊಲದಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಯಿತು ಎಂದು ಕೇಳಲಿಕ್ಕೆ. ನಗಬೇಡಿ, ಸರಕಾರಿ ಖರ್ಚಿನಲ್ಲೇ ಹೋಗಿದ್ದೆ.

ನಮ್ಮೂರು ಶಹಾಪುರದ ಕಡೆಗೆ ಬರುವ ಕಾಲುವೆಯ ತುತ್ತತುದಿಯಲ್ಲಿದೆ. ಕಾಲುವೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಉಳಿದಿರುವುದು ಎರಡೇ ಕುಲ: ಮೇಲ್ಭಾಗದವರು, ಕೊನೆಭಾಗದವರು. ಕಾಲುವೆಯ ಕೆಳಗೆ ಭತ್ತ ಹಚ್ಚಬಾರದು ಎಂಬ ನಿಯಮವನ್ನು ಮೇಲ್ಭಾಗದವರು ಗೋಡೆಯ ಮೇಲೆ ಓದಿ, ಹೊಲಕ್ಕೆ ಹೋಗಿ ಭತ್ತ ಹಚ್ಚುತ್ತಾರೆ. ಕಾಲುವೆಗೆ ಪೈಪು ಇಳಿಬಿಟ್ಟು ವರ್ಷದುದ್ದಕ್ಕೂ ನೀರು ನಿಲ್ಲಿಸುತ್ತಾರೆ. ಕೊನೆಭಾಗದ ನಮಗೆ ಸರದಿಯಂತೆ ಬಿಡುವ ಪಾಳಿಯ ನೀರು ಬಂದರೆ ಬಂತು. ಬಾರದಿದ್ದರೆ ಕಾಲುವೆಯೊಳಗೆ ನಮ್ಮ ಹುಡುಗರು ಕ್ರಿಕೆಟ್ ಆಡುತ್ತಾರೆ.

ಮೊದಲು ಪಾಳಿ ತಪ್ಪಿಸಲು ನೀರಾವರಿ ಕಚೇರಿಯವರು ಗೇಟು ಕೆಟ್ಟಿದೆ, ಆದೇಶ ಬಂದಿಲ್ಲ ಎಂದು ನೆಪ ಹುಡುಕಬೇಕಿತ್ತು, ಪಾಪ. ಉಪಗ್ರಹ ಬಂದ ಮೇಲೆ ಅವರ ಕಷ್ಟ ನೀಗಿತು. ಆಕಾಶದಿಂದ ಮೋಡಗಳನ್ನು ನೋಡಿ ಎಲ್ಲೆಲ್ಲಿ ಎಷ್ಟು ಮಳೆಯಾಯಿತು ಎಂದು ಅಂದಾಜು ಮಾಡಿದ ನಕ್ಷೆ ಈಗ ಅವರ ಕಂಪ್ಯೂಟರಿನಲ್ಲಿ ಬರುತ್ತದೆ. ನೀಲಿ ಬಣ್ಣ ಕಂಡರೆ ಮಳೆ. ಕಚೇರಿಯವರು ಇಡೀ ವಿಭಾಗದ ಸರಾಸರಿ ತೆಗೆದು, 'ನಿಮ್ಮ ಕಡೆ ಮಳೆಯಾಗಿದೆ, ಈ ಪಾಳಿ ಬಂದ್' ಎನ್ನುತ್ತಾರೆ. ಆ ವರ್ಷ ಹೀಗೇ ಎರಡು ಪಾಳಿ ಹೋದವು. ಮೋಡಗಳೇನೋ ನಮ್ಮ ಮೇಲೂ ಬಂದಿದ್ದವು, ಸುಳ್ಳು ಯಾಕೆ ಹೇಳಲಿ. ಆದರೆ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಗಾಡಿಯ ಹಾಗೆ ಸೀದಾ ಹೈದರಾಬಾದಿಗೆ ಹೋದವು.

ನನ್ನ ಅಣ್ಣನಿಗೆ ಯಾದಗಿರಿಯಲ್ಲಿ ಬಸ್ಸಿನ ನೌಕರಿ. ಹೊಲ ಮನೆ ಎಲ್ಲ ಅವನ ಹೆಂಡತಿ, ನಮ್ಮ ವೈನಿ ಶಾಂತವ್ವನ ಕೈಯಲ್ಲಿ. ಅವಳ ಮೆಣಸಿನ ಗಿಡ ಆಗ ಹೂ ಬಿಟ್ಟಿತ್ತು. ಎರಡನೆಯ ಪಾಳಿ ತಪ್ಪಿದಾಗ ಅವಳು ಸೀದಾ ಕಚೇರಿಗೆ ಹೋಗಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಮಣ್ಣನ್ನು ಸಾಹೇಬರ ಮೇಜಿನ ಮೇಲೆ ಸುರಿದು, "ನಿನ್ನಿ ಮಳಿ ಬಿದ್ದ ಮಣ್ಣ್ರಿ ಇದು, ಹಿಂಡಿ ನೋಡ್ರಿ" ಅಂದಿದ್ದಳು. ಸಾಹೇಬರು ಹಿಂಡಲಿಲ್ಲ. ಮಣ್ಣು ಫ್ಯಾನಿನ ಗಾಳಿಗೆ ಹಾರಿ ಅವರ ಚಹಾದಲ್ಲಿ ಬಿತ್ತು.

ಇಂಥ ಸಮಯದಲ್ಲಿ, ಆ ನಕ್ಷೆ ಮಾಡುವ ಹಾಲೆಂಡಿನ ಸಂಸ್ಥೆಯವರು ಅದನ್ನು ಬಳಸುವ ಜನರನ್ನು ಕಾರ್ಯಾಗಾರಕ್ಕೆ ಕರೆದರು. ಕಚೇರಿಯಿಂದ ಒಬ್ಬರು, ಮೇಲ್ಭಾಗದ ನೀರು ಬಳಕೆದಾರರ ಸಂಘದಿಂದ ಒಬ್ಬರು, ಕೊನೆಭಾಗದ ಸಂಘದಿಂದ ಒಬ್ಬರು. ಕಚೇರಿಯಿಂದ ಹೊರಟವರು ಅದೇ ಇಂಜಿನಿಯರ್ ಸಾಹೇಬರು. ಮೈಸೂರು ಕಡೆಯವರು, ಬೈದರೂ ಹರಸಿದ ಹಾಗೆ ಕೇಳಿಸುವ ಮಾತು. ಮೇಲ್ಭಾಗದಿಂದ ಅಲ್ಲಿನ ಸಂಘದ ಅಧ್ಯಕ್ಷ, ಕಕ್ಕೇರಾದ ಬಸಲಿಂಗಪ್ಪ. ಕೊನೆಭಾಗದಿಂದ ನಾನು, ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ, ಸಂಘದ ಕಾರ್ಯದರ್ಶಿ.

ಬಸಲಿಂಗಪ್ಪ ನಮಗೆ ಬೀಗರೂ ಹೌದು. ವೈನಿಯ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೇವೆ. ಹೆಣ್ಣು ಕೊಟ್ಟವರು ಗಂಡಿನ ಕಡೆಯವರ ಮುಂದೆ ದೂರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ನೀರು ಅವರ ಭತ್ತದಲ್ಲಿ ನಿಂತಿದ್ದರೂ 'ಬೀಗರ, ಆರಾಮ ಇದ್ದೀರೇನ್ರಿ' ಎಂದಷ್ಟೇ ಕೇಳಿ ಮಜ್ಜಿಗೆ ಕುಡಿದು ಬರಬೇಕು. ಬಂದಿದ್ದೇವೆ, ಎಷ್ಟೋ ಸಲ.

ಸ್ಟೇಷನ್ನಿಗೆ ವೈನಿ ಬುತ್ತಿ ತಂದಿದ್ದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ.

"ಹೂವು ಗೀವು ನೋಡ್ಕೋಂತ ನಿಂದರಬ್ಯಾಡ ಮಾಸ್ತರ," ಅಂದಳು. "ಆ ಮೋಡ ನೋಡೋ ಮಂದಿಗಿ ಒಂದ ಮಾತು ಕೇಳ್ಕೊಂಡು ಬಾ. ನಮ್ಮ ಹೊಲ್ದಾಗ ಬಿದ್ದ ಮಳಿ ಎಲ್ಲಿ ಹೋಗ್ಯಾದ ಅಂತ."

"ಕೇಳ್ತೀನಿ ವೈನಿ."

"ಮುಂದಿನ ಪಾಳಿನೂ ತಪ್ಪಿತಂದ್ರ ಗಿಡ ಕಿತ್ತಿ ಒಲಿಗಿ ಹಾಕೋದ. ತಿಳೀತಿಲ್ಲೋ?"

ಅಷ್ಟರಲ್ಲಿ ಬೀಗರು ಹೊಸ ರುಮಾಲು ಸುತ್ತಿಕೊಂಡು ಬಂದರು. ವೈನಿ ಸೆರಗನ್ನು ತಲೆಯ ಮೇಲೆಳೆದುಕೊಂಡು, "ಬರ್ರಿ ಬೀಗರ, ಜ್ವಾಕಿಲೆ ಹೋಗಿ ಬರ್ರಿ" ಅಂದಳು. ಆ ದನಿಯನ್ನು ರೊಟ್ಟಿಗೆ ಹಚ್ಚಿ ತಿನ್ನಬಹುದಿತ್ತು.

ವಿಮಾನ ನಿಲ್ದಾಣ

ಇಳಿದ ಕೂಡಲೇ ಒಂದು ನಾಯಿ ನಮ್ಮ ಬುತ್ತಿಯನ್ನು ಹಿಡಿಯಿತು. ಅದರ ಹಿಂದಿದ್ದ ಎತ್ತರದ ಅಧಿಕಾರಿ ಚಟ್ನಿಪುಡಿಯ ಡಬ್ಬಿ ತೆಗೆಸಿ, ಕೆಂಪು ಪುಡಿ ನೋಡಿ ಹುಬ್ಬೇರಿಸಿದ. ಸಾಹೇಬರು ನಯವಾದ ಇಂಗ್ಲಿಷಿನಲ್ಲಿ ಅದರ ಚರಿತ್ರೆ ಹೇಳತೊಡಗಿದರು. ಚರಿತ್ರೆ ಬೆಳೆದಷ್ಟೂ ಅಧಿಕಾರಿಯ ಅನುಮಾನ ಬೆಳೆಯಿತು.

ಬೀಗರಿಗೆ ಇಂಗ್ಲಿಷ್ ಬಾರದು, ಸಂಕೋಚ ಮೊದಲೇ ಬಾರದು. "ಏನ್ ಭಾಷಣ ಮಾಡ್ತೀರಿ ಸಾಹೇಬ್ರ, ತಿಂದ್ ನೋಡಂತ ಹೇಳ್ರಿ ಅವಗ" ಎಂದು ತಾವೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಅವನ ಅಂಗೈಗೂ ಒಂದು ಚಿಟಿಕೆ ಇಟ್ಟರು. ಆ ಪುಣ್ಯಾತ್ಮ ನಾಲಿಗೆಗೆ ಮುಟ್ಟಿಸಿದ. ಮುಖ ಗುಲಾಬಿಯಿಂದ ಕೆಂಪಿಗೆ ತಿರುಗಿತು, ಕಣ್ಣು ಹರಿಯತೊಡಗಿತು. ಕೈಬೀಸಿ, ಹೋಗಿ ಹೋಗಿ ಅಂದ.

"ನೋಡ್ರಿ ಮಾಸ್ತರ್ರ," ಅಂದರು ಬೀಗರು, "ಭಾಳ ನೀರಿನ ದೇಶ ಅಂತಿದ್ರು. ಖರೆ ಅದ."

ಕಾಲುವೆಗಳ ಊರು

ನಮ್ಮನ್ನು ಇಳಿಸಿದ್ದು ಒಂದು ಸಣ್ಣ ಊರಿನಲ್ಲಿ. ಬೀದಿಗೊಂದು ಕಾಲುವೆ, ಎಲ್ಲದರಲ್ಲೂ ದಂಡೆಯವರೆಗೆ ನೀರು. ಮೇಲ್ಭಾಗ ಯಾವುದು ಕೊನೆಭಾಗ ಯಾವುದು ಒಂದೂ ತಿಳಿಯುವುದಿಲ್ಲ. ಇಲ್ಲಿಯ ಜನಕ್ಕೆ ನೀರು ತರುವ ಚಿಂತೆಯಿಲ್ಲ, ಹೊರಗೆ ಹಾಕುವ ಚಿಂತೆ. ನೀರು ಬಂತೆಂದು ಗೊಣಗುವ ಮನುಷ್ಯರನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಸಿಟ್ಟೇ ಬಂತು.

ಬೀಗರು ಮೊದಲ ದಿನ ಒಂದು ಸೇತುವೆಯ ಮೇಲೆ ನಿಂತು ಬಹಳ ಹೊತ್ತು ಕೆಳಗೆ ನೋಡಿದರು. ಏನೋ ಕಳೆದುಕೊಂಡಿದ್ದಾರೆ ಅಂದುಕೊಂಡೆ.

"ಒಂದೂ ಪಂಪ್‌ಸೆಟ್ ಇಲ್ಲಲ್ರಿ!" ಅಂದರು. "ಒಂದ ಪೈಪರ ಇಳಿಬಿಟ್ಟಾರೇನು? ಮಂದಿ ಭಾಳ ಸಾದಾ ಕಾಣ್ತಾರ, ಪಾಪ."

ಮಳೆ ದಿನಾ ಬರುತ್ತಿತ್ತು. ಬರುವ ಮೊದಲು ಎಲ್ಲರೂ ಫೋನ್ ತೆಗೆದು ಮಳೆ ಬರುತ್ತದೋ ಎಂದು ನೋಡುತ್ತಿದ್ದರು. ಬರುತ್ತಿರುವಾಗಲೂ, ಹನಿ ಬಿದ್ದ ಗಾಜನ್ನು ತೋಳಿನಿಂದ ಒರೆಸಿಕೊಂಡು, ಬರುತ್ತಿದೆಯೋ ಎಂದು ನೋಡುತ್ತಿದ್ದರು. ಫೋನ್ ಹೌದು ಅಂದ ಮೇಲೆ ಪ್ಯಾಂಟಿನ ಮೇಲೊಂದು ಪ್ಲಾಸ್ಟಿಕ್ ಪ್ಯಾಂಟು ಏರಿಸಿ ಸೈಕಲ್ ಹತ್ತಿ ಹೋಗುವರು. ನಗಬೇಕೆಂದಿದ್ದೆ. ನಮ್ಮ ಕಚೇರಿ ನೆನಪಾಗಿ ಸುಮ್ಮನಾದೆ. ಇವರಾದರೂ ಕಿಟಕಿಯಿಂದ ಒಮ್ಮೆ ಕತ್ತು ಹೊರಗೆ ಹಾಕುತ್ತಾರೆ.

ಮರೈಕೆಯ ಮನೆ

ಕಾರ್ಯಾಗಾರ ನಡೆಸುತ್ತಿದ್ದವಳು ಮರೈಕೆ ಎಂಬ ವಿಜ್ಞಾನಿ. ಬಾಚದ ಬಿಳಿಕೂದಲು, ದೊಡ್ಡ ಹೆಜ್ಜೆ, ಮನಸ್ಸಿಗೆ ಬಂದದ್ದನ್ನು ಮುಖಕ್ಕೆ ಹೇಳುವ ಬಾಯಿ. ಮೊದಲ ಭೇಟಿಯಲ್ಲೇ ಸಾಹೇಬರಿಗೆ, "ನಿಮ್ಮ ವರದಿ ಓದಿದೆ. ಬಹಳ ಉದ್ದ, ವಿಷಯ ಕಡಿಮೆ" ಅಂದಳು. ಸಾಹೇಬರು ಮಧ್ಯಾಹ್ನ ಊಟ ಮಾಡಲಿಲ್ಲ. ನನಗೂ ಬೀಗರಿಗೂ ಮಾತ್ರ ತವರಿಗೆ ಬಂದ ಹಾಗಾಯಿತು. ನಮ್ಮ ಮಾತು ಕೇಳಿ ಜಗಳವಾಡುತ್ತಿದ್ದೀರಾ ಎಂದು ಬೆಂಗಳೂರಿನವರು ಕೇಳುತ್ತಾರಲ್ಲ, ಅವರನ್ನು ಒಮ್ಮೆ ಇಲ್ಲಿಗೆ ಕಳಿಸಬೇಕು.

ಒಂದು ಸಂಜೆ ಮರೈಕೆ ನಮ್ಮನ್ನು ಕಾಫಿಗೆ ಕರೆದಳು. ಕಾಫಿ ಕೊಟ್ಟು, ಚಂದದ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದಳು. ತಲೆಗೊಂದು ಬಿಸ್ಕತ್ತು ತೆಗೆದುಕೊಂಡೆವು. ಟಪ್ ಎಂದು ಮುಚ್ಚಳ ಬಿತ್ತು, ಡಬ್ಬಿ ಕಪಾಟಿಗೆ ಹೋಯಿತು. ಅದು ಅವರ ರೀತಿಯಂತೆ. ಜಿಪುಣತನವಲ್ಲ, ಎಲ್ಲರಿಗೂ ಸಮವಾಗಿ ಸಿಗಲಿ ಎಂಬ ಲೆಕ್ಕ. ನಮ್ಮ ಕಡೆ ಬೀಗರು 'ಸಾಕು' ಅಂದ ಮೇಲೆಯೇ ಅಲ್ಲವೇ ನಿಜವಾದ ಬಡಿಸುವಿಕೆ ಶುರುವಾಗುವುದು? ಬೀಗರ ಎರಡನೆಯ ಕೈ ಅರ್ಧ ದಾರಿಯಲ್ಲಿ ಗಾಳಿಯಲ್ಲೇ ನಿಂತಿತ್ತು.

"ಮುಗೀತೇನ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಪಾಳಿ ಮುಗೀತ್ರಿ ಬೀಗರ. ಗೇಟು ಬಂದ್."

ಜೀವಮಾನದಲ್ಲಿ ಮೊದಲ ಸಲ ಅವರಿಗೆ ಕೊನೆಭಾಗದ ರುಚಿ ಹತ್ತಿತು. ನನಗೆ ಆ ಒಣ ಬಿಸ್ಕತ್ತು ಬಹಳ ಸಿಹಿಯಾಗಿತ್ತು.

ಗೋಡೆಯ ಮೇಲೆ ಕಕ್ಕೇರಾ

ಕಾರ್ಯಾಗಾರದಲ್ಲಿ ಮರೈಕೆ ನಕ್ಷೆಯ ಗುಟ್ಟು ಬಿಚ್ಚಿದಳು. ಉಪಗ್ರಹಗಳಿಗೆ ಎರಡು ಬಗೆಯ ಕಣ್ಣಂತೆ. ಒಂದು ಕಣ್ಣಿಗೆ ಕಾಣುವುದು ಮೋಡದ ನೆತ್ತಿ ಮಾತ್ರ. ನೆತ್ತಿ ಎಷ್ಟು ತಣ್ಣಗಿದ್ದರೆ ಮೋಡ ಅಷ್ಟು ಎತ್ತರ, ಎಷ್ಟು ಎತ್ತರವೋ ಅಷ್ಟು ಮಳೆ ಎಂದು ಅಂದಾಜು. ನಾನು ಬೀಗರಿಗೆ ಇದನ್ನು ಕನ್ನಡದಲ್ಲಿ ಹೇಳಿದೆ.

"ಅಂದ್ರ ರುಮಾಲಿನ ಎತ್ತರ ನೋಡಿ ಮನಿತನ ಅಳೀತಾರ," ಅಂದರು ಬೀಗರು. "ನೀವು ಹಾಂಗ ನೋಡೇ ನಮ್ಮನಿಗಿ ಹೆಣ್ಣು ಕೊಟ್ಟೀರಿ."

ಹೌದೋ ಅಲ್ಲವೋ ಹೇಳುವ ಹಾಗಿರಲಿಲ್ಲ. ಮುಗುಳ್ನಕ್ಕೆ.

ಇನ್ನೊಂದು ಕಣ್ಣು ಮೋಡವನ್ನು ತೂರಿ ಕೆಳಗೆ ನೋಡುತ್ತದೆ. ಅದು ಹೆಚ್ಚು ನಂಬಿಕೆಯದು. ಆದರೆ ಒಣಗಿರಬೇಕಾದ ನೆಲ ತೊಯ್ದು ಕಂಡರೆ, ಈಗಷ್ಟೇ ಮಳೆಯಾಗಿದೆ ಎಂದು ಕೆಲವು ಸಲ ಮೋಸಹೋಗುತ್ತದೆ. ಇಷ್ಟು ಹೇಳಿ ಮರೈಕೆ ನಮ್ಮ ಸೀಮೆಯ ನಕ್ಷೆಯನ್ನು ಗೋಡೆಗೆ ಹಾಕಿದಳು. ಕೌದಿಯ ತುಂಡುಗಳ ಹಾಗೆ ಚೌಕಗಳು. ಕಕ್ಕೇರಾ ಇರುವ ಸುರಪುರ ತಾಲೂಕಿನ ಮೇಲೆ ಕೆಲವು ಚೌಕ ಕಡುನೀಲಿ, ನಮ್ಮ ಕಡೆ ಬಿಳಿಚು.

ನಾನು ಎದ್ದು ನಿಂತೆ. ವೈನಿ ಕೊಟ್ಟ ಪ್ರಶ್ನೆಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ: ನಮ್ಮ ಹೊಲದ ಲೆಕ್ಕದಲ್ಲಿ ಬರೆದ ಮಳೆ ಎಲ್ಲಿ ಹೋಯಿತು? ಸಾಹೇಬರು ತಕ್ಷಣ, "ಮಾಸ್ತರೇ, ಅದು ಸ್ಥಳೀಯ ವಿಚಾರ, ಊರಿಗೆ ಹೋಗಿ ಮಾತಾಡೋಣ, ಕೂತ್ಕೊಳ್ಳಿ" ಅಂದರು.

ಮರೈಕೆ ಕೂರಲು ಬಿಡಲಿಲ್ಲ. "ಒಳ್ಳೆಯ ಪ್ರಶ್ನೆ. ಮೋಡವೇ ಇಲ್ಲದ ದಿನವೂ ಈ ಚೌಕಗಳಲ್ಲಿ ಮಳೆ ಬೀಳುತ್ತಿದೆ. ನನಗೂ ಅರ್ಥವಾಗಿಲ್ಲ. ಅಲ್ಲಿ ಕೆರೆ ಇದೆಯೇ? ನೀರು ನಿಲ್ಲುವ ಜಾಗ?"

ನನಗೆ ಅರ್ಥವಾಗಿತ್ತು. ಕಾಲಿನಿಂದ ತಲೆಯವರೆಗೆ ಅರ್ಥವಾಗಿತ್ತು. ಕಕ್ಕೇರಾದ ಭತ್ತದಲ್ಲಿ ನಿಂತದ್ದು ನಮ್ಮ ನೀರು. ಅದನ್ನೇ ಉಪಗ್ರಹ ಮಳೆ ಎಂದು ಬರೆದುಕೊಂಡಿತ್ತು. ಆ ಮಳೆಯ ಸರಾಸರಿ ತೋರಿಸಿ ಕಚೇರಿ ನಮಗೆ ಮತ್ತೆ ನೀರು ನಿಲ್ಲಿಸಿತ್ತು. ಅಂದರೆ ನಮ್ಮನ್ನು ಎರಡು ಸಲ ದೋಚಿದ ಹಾಗಾಯಿತು, ಎರಡನೆಯ ಸಲ ವಿಜ್ಞಾನದ ಸಹಾಯದಿಂದ. ಹೇಳಬೇಕು. ಆದರೆ ಪಕ್ಕದಲ್ಲಿ ಬೀಗರು ಕೂತಿದ್ದಾರೆ. ನಾನು ಬಾಯಿ ಬಿಟ್ಟು ಹೇಳಿದ ಮಾತು ನನಗಿಂತ ಮೊದಲು ಊರು ಸೇರಿ, ವೈನಿಯ ಮಗಳ ಅಡುಗೆಮನೆಗೆ ಹೋಗಿ ಕೂರುತ್ತದೆ. "ಗೊತ್ತಿಲ್ಲ" ಅಂದೆ. ಹಾಗೆ ಅನ್ನಲು ನನಗೆ ಬಹಳ ಸಂಕಟವಾಯಿತು.

"ಇರಲಿ, ಹತ್ತಿರದಿಂದ ತೆಗೆದ ಚಿತ್ರ ನೋಡೋಣ" ಎಂದು ಮರೈಕೆ ಗುಂಡಿ ಒತ್ತಿದಳು. ಚೌಕಗಳು ಹೋಗಿ ನಿಜವಾದ ನೆಲದ ಚಿತ್ರ ಬಂತು. ಕಾಲುವೆ, ರಸ್ತೆ, ಗುಡಿ, ಗದ್ದೆಗಳಲ್ಲಿ ಫಳಫಳ ನೀರು.

ಬೀಗರು ಕುರ್ಚಿಯಿಂದ ಸಿಡಿದೆದ್ದರು. "ಅಲಾ! ನಮ್ಮ ಹೊಲ! ಮಾಸ್ತರ್ರ, ನಮ್ಮ ಹೊಲಾ ರೀ ಅದು!"

ನಾನು ಅಂಗಿ ಹಿಡಿದು ಜಗ್ಗಿದೆ, ದೇವರಾಣೆಗೂ ಜಗ್ಗಿದೆ. ಅವರು ಗೋಡೆಯ ಹತ್ತಿರ ಹೋಗಿ, ಬೆಳಕಿನಲ್ಲಿ ರುಮಾಲಿನ ನೆರಳು ಬೀಳಿಸುತ್ತ, ಸಭೆಗೆ ತಮ್ಮ ಹೊಲ ತೋರಿಸಿದರು. "ಇಲ್ಲಿ ನೋಡ್ರಿ, ಕಾಲುವಿ ತಿರುವು. ಇದು ಹನಮಪ್ಪನ ಗುಡಿ. ಇದರ ಬಾಜೂಕ ಮೂರು ಮೂಲಿ ಹೊಲ, ಅದ ನಂದು. ಏನ್ ಹೊಳಿಯಾಕತ್ತದ ನೋಡ್ರಿ! ವರ್ಷೆಲ್ಲ ಮೊಣಕಾಲಮಟ ನೀರು ನಿಂತಿರ್ತದ. ಒಂದ ದಿನ ಒಣಗಾಕ ಬಿಟ್ಟಿಲ್ಲ ನಾ!"

"ಇವರು ಏನು ಹೇಳುತ್ತಿದ್ದಾರೆ?" ಎಂದಳು ಮರೈಕೆ, ನನ್ನ ಕಡೆ ತಿರುಗಿ.

ಸಾಹೇಬರು ಕಣ್ಣಲ್ಲೇ ಬೇಡ ಬೇಡ ಅಂದರು. ಆದರೆ ಬೀಗರ ಮೇಲೆ ದೂರು ಹೇಳಬಾರದು ಎಂಬ ಪದ್ಧತಿ ಇದೆಯೇ ಹೊರತು, ಬೀಗರ ಮಾತನ್ನು ಅನುವಾದ ಮಾಡಬಾರದು ಎಂದು ಯಾವ ಹಿರಿಯರೂ ಹೇಳಿಲ್ಲ. ಅನುವಾದ ಮಾಡಿದೆ. ಮೊಣಕಾಲಮಟ ಎಂದದ್ದನ್ನು ಮೊಣಕಾಲಿನವರೆಗೆ ಎಂದೇ ಹೇಳಿದೆ, ಬಗ್ಗಿ ನನ್ನ ಮೊಣಕಾಲು ಮುಟ್ಟಿಯೂ ತೋರಿಸಿದೆ. ಅಷ್ಟು ನಿಯತ್ತಿನಿಂದ ನಾನು ಪಾಠವನ್ನೂ ಮಾಡಿಲ್ಲ.

ಮರೈಕೆ ಜೋರಾಗಿ ನಕ್ಕಳು. "ಅಂದರೆ ಈ ಮನುಷ್ಯನ ಹೊಲವೇ ನನ್ನ ಮಳೆ!" ಸಭೆ ಚಪ್ಪಾಳೆ ತಟ್ಟಿತು. ಬೀಗರು ಅದು ತಮ್ಮ ಭತ್ತಕ್ಕೆ ಎಂದು ತಿಳಿದು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

ನಿಂತ ನೀರನ್ನು ಮಳೆಯಿಂದ ಬೇರೆ ಮಾಡುವ ತಿದ್ದುಪಡಿ ಬರುವ ವರ್ಷದ ನಕ್ಷೆಗೆ ಎಂದಳು ಮರೈಕೆ. ಅಲ್ಲಿಯವರೆಗೆ ಈ ಚೌಕಗಳನ್ನು ನಂಬಬೇಡಿ ಎಂದು ಸಾಹೇಬರಿಗೆ ಮುಖಕ್ಕೆ ಹೇಳಿದಳು. ಸಾಹೇಬರು "ಪರಿಶೀಲಿಸುತ್ತೇವೆ" ಅಂದರು. ಆ ಶಬ್ದದ ನಿಜವಾದ ಅರ್ಥವನ್ನು ಅವಳಿಗೆ ಯಾರೂ ಅನುವಾದ ಮಾಡಲಿಲ್ಲ. ಬರುವ ವರ್ಷ ಅಂದರೆ ವೈನಿಯ ಗಿಡ ಒಲೆಯಲ್ಲಿ ಬೂದಿಯಾಗಿರುತ್ತದೆ.

ಕಕ್ಕೇರಾ

ಊರಿಗೆ ಬಂದು ನಡೆದದ್ದನ್ನೆಲ್ಲ ವೈನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬಾಯಿ ಮುಚ್ಚಿ ಕೇಳಿದಳು. ಮರುದಿನ ಹೋಳಿಗೆ ಮಾಡಿ, ಒಳ್ಳೆಯ ಇಳಕಲ್ ಸೀರೆ ಉಟ್ಟು, "ನಡಿ ಮಾಸ್ತರ, ಬೀಗರು ಪರದೇಶಕ್ಕ ಹೋಗಿ ಬಂದಾರ, ಮಾತಾಡ್ಸಿ ಬರೂಣು" ಅಂದಳು.

ಕಕ್ಕೇರಾದಲ್ಲಿ ಬೀಗರು ಈಗ ದೊಡ್ಡ ಮನುಷ್ಯ. ಮರೈಕೆ ಕೊಟ್ಟ ಹೊಲದ ಚಿತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ದೇವರ ಫೋಟೋಗಳ ನಡುವೆ ತೂಗುಹಾಕಿದ್ದರು. ಉಪಗ್ರಹ ತಮ್ಮ ಹೊಲದ ಮೇಲೆ ಬಂದಾಗ ಸ್ವಲ್ಪ ನಿಂತು ಹೋಗುತ್ತದೆ ಎಂಬ ಸುದ್ದಿಯೂ ಹುಟ್ಟಿತ್ತು. ಬೀಗರು ಅದನ್ನು ಅಲ್ಲಗಳೆದಿರಲಿಲ್ಲ.

"ನಾವೂ ಹೊಲ ನೋಡಾಕ ಬಂದೀವ್ರಿ ಬೀಗರ," ಅಂದಳು ವೈನಿ. "ಹಾಲೆಂಡಿನವರು ನೋಡ್ಯಾರ, ನಾವ್ ನೋಡಿಲ್ಲಂದ್ರ ಹ್ಯಾಂಗ್ರಿ?"

ಬೀಗರು ಹಿಗ್ಗಿ ತಾವೇ ಮುಂದೆ ನಡೆದರು. ಹಿಂದೆ ವೈನಿ, ಅವಳ ಮಗಳು, ನಾನು. ಬದುವಿನ ಮೇಲೆ ಆಳುಗಳು ನಿಂತಿದ್ದರು. ಕಾಲುವೆಗೆ ಇಳಿಬಿಟ್ಟ ಪೈಪು ಗಳಗಳ ನೀರು ಕಾರುತ್ತಿತ್ತು. ವೈನಿ ಬದುವಿನ ಮೇಲೆ ಕೂತು ಕಾಲು ಇಳಿಬಿಟ್ಟಳು. ನೀರು ಮೊಣಕಾಲಿಗೆ ಬಂತು. ಬೊಗಸೆಯಲ್ಲಿ ತೆಗೆದು ಕಣ್ಣಿಗೊತ್ತಿಕೊಂಡಳು.

"ಇದೇನ್ರಿ ಬೀಗರ, ನಮ್ಮ ಹೊಲ್ದಾಗ ಬಿದ್ದ ಮಳಿ?"

ಬೀಗರು ಪೈಪಿನ ಕಡೆ ನೋಡಿದರು.

"ಭಾಳ ಜ್ವಾಕಿ ಮಾಡಿ ಇಟ್ಟೀರಿ ನೋಡ್ರಿ. ಒಂದ ಹನಿ ಕೆಡಿಸಿಲ್ಲ. ಮಗಳನ್ನ ಕೊಟ್ಟ ಮನಿ ಛಲೋ ಅದ ಅಂತ ಇವತ್ತ ಖಾತ್ರಿ ಆತು."

ದೂರು ಹೇಳಬಾರದು, ಸರಿ. ಹೊಗಳಬಾರದು ಎಂದು ಎಲ್ಲಿದೆ? ಅಷ್ಟು ದೊಡ್ಡ ಸಭೆಯಲ್ಲಿ ಬಾಯಿಗೆ ಬೀಗವಿಲ್ಲದೆ ಮಾತಾಡಿದ ಬೀಗರು, ಆಳುಗಳ ಮುಂದೆ, ಸೊಸೆಯ ಮುಂದೆ, ರುಮಾಲು ತೆಗೆದು ತಲೆ ಕೆರೆದುಕೊಂಡರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುವೋ ಹೆದರಿಕೆಯೋ ತಿಳಿಯಲಿಲ್ಲ.

"ಈ ಸಲ ಇದನ್ನ ನಮ್ಮ ಕಡಿ ಕಳಸ್ರಿ ಬೀಗರ," ಅಂದಳು ವೈನಿ. ದನಿ ಒಂದು ಚೂರೂ ಏರಲಿಲ್ಲ. "ನಾ ನಿಮಗ ಏನೂ ಬೇಡಿಲ್ಲ ಇಲ್ಲೀತನ."

ಬೀಗಿತ್ತಿ ಮೊದಲ ಸಲ ಬಾಯಿ ಬಿಟ್ಟು ಬೇಡಿದ್ದಕ್ಕೆ ಇಲ್ಲ ಅಂದರೆ ಗಂಡಿನ ಕಡೆಯವರಿಗೂ ಊರಲ್ಲಿ ಮುಖವಿಲ್ಲ. ಬೀಗರು ಬಹಳ ಹೊತ್ತು ನೀರು ನೋಡುತ್ತ ನಿಂತರು, ಹಾಲೆಂಡಿನ ಸೇತುವೆಯ ಮೇಲೆ ನಿಂತಿದ್ದ ಹಾಗೆಯೇ. ಆಮೇಲೆ ಆಳುಗಳ ಕಡೆ ತಿರುಗಿ ಒದರಿದರು. "ಏನ್ ಮಾರಿ ನೋಡ್ತೀರಲೇ! ಪೈಪ್ ಎತ್ರಿ. ಸಂಘದ ಮಂದಿಗಿ ಹೇಳ್ರಿ, ಎಲ್ಲಾರೂ ಎತ್ತಬೇಕಂತ. ಅಧ್ಯಕ್ಷರು ಹೇಳ್ಯಾರ ಅನ್ರಿ."

ನಮ್ಮೂರು

ನೀರು ಬಂತು. ಕಚೇರಿ ಪಾಳಿ ಕೊಡಲಿಲ್ಲ. ಮೇಲಿನವರು ಹೀರದೆ ಬಿಟ್ಟ ನೀರೇ ಇಳಿದು ನಮ್ಮ ತನಕ ಬಂತು. ಕಾಲುವೆಯಲ್ಲಿ ಆಡುತ್ತಿದ್ದ ಹುಡುಗರು ಸ್ಟಂಪು ಕಿತ್ತುಕೊಂಡು ದಂಡೆ ಹತ್ತಿದರು. ಕೊನೆಭಾಗದ ಊರುಗಳವರೆಲ್ಲ ಹೊಲ ಕುಡಿದಷ್ಟೂ ಕುಡಿಸಿದರು, ಮತ್ತೆ ಬರುವ ನಂಬಿಕೆ ಯಾರಿಗಿತ್ತು. ವೈನಿಯ ಮೆಣಸಿನ ಗಿಡ ತಲೆಯೆತ್ತಿತು. ನನಗೆ ಅಳು ಬಂತು, ಬರಲಿ ಬಿಡಿ.

ಕೆಲವೇ ದಿನಗಳಲ್ಲಿ ಸಾಹೇಬರ ಫೋನ್ ಬಂತು. ನಾನು ವೈನಿಯ ಹೊಲದಲ್ಲೇ ಇದ್ದೆ.

"ಅಭಿನಂದನೆಗಳು ಮಾಸ್ತರೇ! ಹೊಸ ನಕ್ಷೆ ಬಂದಿದೆ. ಕಕ್ಕೇರಾ ಕಡೆ ಒಣಗಿದೆ, ನಿಮ್ಮ ಕಡೆ ಪೂರ್ತಿ ನೀಲಿ. ಒಳ್ಳೆ ಮಳೆ ಆಗಿದೆಯಲ್ಲ! ಹಾಗಾಗಿ ನಿಮ್ಮ ಮುಂದಿನ ಪಾಳಿನ ಸದ್ಯಕ್ಕೆ..."

ಮೇಲೆ ನೋಡಿದೆ. ಆಕಾಶ ಒಗೆದು ಒಣಹಾಕಿದ ಹಾಗಿತ್ತು, ಒಂದು ಚೂರು ಮೋಡವಿಲ್ಲ. ಫೋನಿನ ಮಾತು ವೈನಿಗೂ ಕೇಳಿಸಿತ್ತು. ವೈನಿ ಕೆಸರುಗೈಯಿಂದಲೇ ಫೋನ್ ಕಸಿದುಕೊಂಡಳು.

"ಹೌದ್ರಿ ಸಾಹೇಬ್ರ, ಭಾಳ ಮಳಿ ಆಗ್ಯಾದ. ಕಕ್ಕೇರಾದಿಂದ ಬಂತ್ರಿ, ಕಾಲುವ್ಯಾಗ ಹರ್ಕೋಂತ. ನಿಮ್ಮ ಪಾಳಿ ನೀವ ಇಟ್ಕೋರಿ. ಇಂಥಾದ ಇನ್ನೊಂದು ಮಳಿ ಕಳಸ್ತೀನಂತ ನಮ್ಮ ಬೀಗರು ಮಾತು ಕೊಟ್ಟಾರ. ನೀವು ಹಾಂಗ ಮ್ಯಾಲ ನೋಡ್ಕೋಂತ ಕುಂದರ್ರಿ."